ಹೆಬ್ಬೆಟ್ಟು

ಗುತ್ತಲು ರಸ್ತೆಯ ಶಾಖಾ ಗ್ರಂಥಾಲಯದಲ್ಲಿ
ಬೆನ್ನು ಕಿತ್ತು, ದಪ್ಪ ರಟ್ಟು ಹಾಕಿಸಿಕೊಂಡ ಪುಸ್ತಕ.
ಒಂದೇ ಕೊಲೆ, ಹದಿನಾಲ್ಕು ಸಂಶಯ,
ಹಿಮ ಬಿದ್ದ ಯಾವುದೋ ದೇಶದ ಬಂಗಲೆ.
ಅನುವಾದಿಸಿದ ಪುಣ್ಯಾತ್ಮ
ಅಡುಗೆಯವಳಿಗೆ ಪುಟ್ಟಗೌರಿ ಅಂತ ಹೆಸರಿಟ್ಟು
ಹಿಮವನ್ನು ಮಾತ್ರ ಹಾಗೇ ಬಿಟ್ಟಿದ್ದಾನೆ.
"ಹದಿನೈದು ದಿನ ಕಣವ್ವ, ಆಮೇಕೆ ದಂಡ"
ಅಂದರು ಕೌಂಟರಿನ ಜವರಾಯಪ್ಪ, ಮೊಹರು ಒತ್ತುತ್ತಾ.

ಬೆಲ್ಲದ ಮಂಡಿಯಲ್ಲಿ ಲೆಕ್ಕ ಬರೆಯುವವಳು ನಾನು.
ಮಧ್ಯಾಹ್ನ ಎರಡರಿಂದ ಮೂರು ಗಾಡಿ ಬರುವುದಿಲ್ಲ.
ಹಮಾಲರು ಗೋಣಿಯ ಮೇಲೆ ಮಲಗುತ್ತಾರೆ,
ತಕ್ಕಡಿಯೂ ಒಂದು ಕಡೆ ವಾಲಿಕೊಂಡು.
ಆಗ ಮೇಜಿನ ಖಾನೆಯೊಳಗೇ ಪುಸ್ತಕ ತೆರೆದರೆ
ಹಿಮದ ಮೇಲೆ ಹೆಜ್ಜೆಗುರುತು:
ಹೋದದ್ದಿದೆ, ಬಂದದ್ದಿಲ್ಲ.
ಹಿಮ ನಾನು ಕಂಡಿಲ್ಲ. ಆಲೆಮನೆಗೆ ಹೊರಟ ಸುಣ್ಣದ ಚೀಲ
ಒಡೆದು ಚೆಲ್ಲಿದ ದಿನ ಕಂಡಿದ್ದೇನೆ,
ಬೆಕ್ಕು ದಾಟಿದ್ದು ಸಂಜೆವರೆಗೂ ಇತ್ತು.

ನನಗಿಂತ ಮೊದಲು ಓದಿದವರೆಲ್ಲ ಇಲ್ಲೇ ಇದ್ದಾರೆ.
ಹನ್ನೆರಡನೇ ಪುಟದಲ್ಲಿ ಒಗ್ಗರಣೆಯ ಎಣ್ಣೆ,
ಮೂವತ್ತರಲ್ಲಿ ಬಸ್ ಟಿಕೆಟ್ಟು, ಮದ್ದೂರಿಗೆ ಒಂದು ಅರ್ಧ,
ಸತ್ತವನ ಚಿತ್ರಕ್ಕೆ ಯಾರೋ ಕಾಡಿಗೆ ಬರೆದಿದ್ದಾರೆ.
ಅರವತ್ತೆರಡರಲ್ಲಿ, ಪೊಲೀಸರು ಮಾಲಿಯನ್ನು ಹಿಡಿದ ಕಡೆ,
ಪೆನ್ಸಿಲಿನಲ್ಲಿ, ಗುಂಡಗೆ:
"ಮಾಲಿ ಅಲ್ಲ. ಬಡವ ಅಂತ ಅವನ ಮ್ಯಾಲೆ ಹಾಕ್ತಾವ್ರೆ."
ಕೆಳಗೆ, ಪುಟ ತಿರುವಿದ ಬೆರಳಿನದ್ದು,
ಬೆಲ್ಲದ ಕಂದು ಹೆಬ್ಬೆಟ್ಟು.
ಇರುವೆ ಅಂಚನ್ನಷ್ಟೇ ತಿಂದಿತ್ತು.
ನಡುವೆ ಓರೆಯಾಗಿ ಒಂದು ಬಿಳಿ ಗೀರು,
ಕುಡುಗೋಲು ತಾಗಿ ಮಾಗಿದ್ದಿರಬೇಕು.

ಆ ಗೀರು ನಾನು ಕಂಡಿದ್ದೆ.

ಎಲ್ಲಿ, ಎಲ್ಲಿ ಅಂತ ಎರಡು ದಿನ,
ಉಪ್ಪೆಸರು ಕುದಿಯುವಾಗ, ಬಸ್ಸಿನಲ್ಲಿ ನಿಂತಾಗ,
ಅಲ್ಲಿ ಪತ್ತೇದಾರ ಒಲೆಯ ಬೂದಿ ಕೆದಕುತ್ತಿದ್ದಾಗ.
ಮೂರನೇ ದಿನ ಅಟ್ಟದಿಂದ ಹಳೇ ಖಾತೆ ಇಳಿಸಿದೆ.
ಹತ್ತೊಂಬತ್ತು ವರ್ಷದ್ದು. ದೊಡ್ಡ ಸಾಹುಕಾರರ ಮೋಡಿ ಅಕ್ಷರ:
"ತೂಕದ ಸಣ್ಣಮಂಚಯ್ಯನಾದ ನಾನು
ಗಲ್ಲಾದಿಂದ ನಾಲ್ಕು ಸಾವಿರ ತೆಗೆದದ್ದು ನಿಜ.
ಓದು ಬರಹ ಬಾರದ್ದರಿಂದ ಓದಿಸಿ ಕೇಳಿ
ಒಪ್ಪಿ ಒತ್ತಿದ ಹೆಬ್ಬೆಟ್ಟು."
ನೀಲಿ ಶಾಯಿ. ಓರೆ ಗೀರು.

ಓದು ಬರಹ ಬಾರದ್ದರಿಂದ.

ಕಾದಂಬರಿಯಲ್ಲಾದರೆ ಈಗ ಎಲ್ಲರನ್ನೂ
ಹಜಾರಕ್ಕೆ ಕರೆದು ಕೂರಿಸುತ್ತಾರೆ,
ಪತ್ತೇದಾರ ಒಬ್ಬೊಬ್ಬರ ಮುಖ ನೋಡಿ
ಗಂಟಲು ಸರಿಮಾಡಿಕೊಳ್ಳುತ್ತಾನೆ.
ನಮ್ಮಲ್ಲಿ ಕೂರಬೇಕಾದವರು
ಗೋಡೆಯ ಮೇಲಿದ್ದಾರೆ, ಪ್ಲಾಸ್ಟಿಕ್ ಹಾರ.
ಮಗ ಫೋನಿನಲ್ಲಿ ಅಹಮದಾಬಾದಿನ ದರ ಕೇಳುತ್ತಿದ್ದಾನೆ.
ತಕ್ಕಡಿ ಅದೇ.
"ಏನಕ್ಕ, ಹಳೇದು ತೆಗ್ದಿದ್ದೀರ?"
"ಏನಿಲ್ಲ, ಗೆದ್ದಲು ಹಿಡಿದೈತಾ ಅಂತ" ಅಂದೆ.
ಸಂಬಳದ ವಾರ. ನಾಲಿಗೆ ತಾನೇ ಹೊರಳಿತು.

ಹದಿನೈದನೇ ದಿನ ಕೌಂಟರಿನಲ್ಲಿ ಕೇಳಿದೆ,
ಇದನ್ನು ಮೊದಲು ಯಾರು ಯಾರು ತಗೊಂಡಿದ್ರು?
ಜವರಾಯಪ್ಪ ಚೀಟಿಯ ಮೇಲೆ ಕನ್ನಡಕ ಇಳಿಸಿದರು.
"ಹೆಸ್ರು ಎಲ್ಲೈತೆ ಬುಡವ್ವ, ಬರೀ ನಂಬ್ರು.
ಇವ್ನ್ಯಾವನೋ ಮುನ್ನೂರ ಹದಿನೆಂಟು, ಮೂರು ಸಲ ತಗಂಡವ್ನೆ.
ಕೊಂದೋನು ಯಾರು ಅಂತ ಗೊತ್ತಾದ್ಮೇಲೂ
ಮೂರು ಸಲ ಓದಕ್ಕೆ ಏನೈತೆ ಅದ್ರಲ್ಲಿ?"

ಮೂರನೇ ಮೊಹರು, ಖಾತೆಯ ತಾರೀಖಾಗಿ ಹನ್ನೊಂದನೇ ದಿನ.
ಬೆಲ್ಲದ ಕೈ ಮೊದಲ ಸಲದ್ದು.
ಪೆನ್ಸಿಲು ಆಮೇಲಿನದು.

ನಾನಿನ್ನೂ ಕೊನೆಯ ಅಧ್ಯಾಯ ಓದಿರಲಿಲ್ಲ,
ಮಾಲಿಯನ್ನು ಬಿಟ್ಟರೋ ಇಲ್ಲವೋ.
"ಇನ್ನೊಂದ್ ಹದಿನೈದು ದಿನ" ಅಂದೆ. ಮೊಹರು ಬಿತ್ತು.
ಅಂಗೈ ಮೇಲೆ ಪೆನ್ನಿನಲ್ಲಿ
ಆ ನಂಬರು ಬರೆದುಕೊಂಡು ಹೊರಟೆ.
ಮಂಡಿಗೆ ಬರುವಷ್ಟರಲ್ಲಿ ಬೆವರಿಗೆ
ಕೊನೆಯ ಎಂಟು ಅರ್ಧ ಅಳಿಸಿ
ಮೂರಾಗುತ್ತಿತ್ತು.