ಪೊಳ್ಳಿನ ಅಳತಿ

ಗೋಕುಲ ರೋಡಿನ ಶೆಡ್ಡಿನಾಗ ಐತವಾರ ಮುಂಜಾನೆ
ಕರೆಂಟಿಲ್ಲ, ಆರ್ಡರಿಲ್ಲ.
ಪಂಪಿನ ಪ್ಯಾಟರ್ನು ಕೆತ್ತಿ ಉಳಿದ ಸಾಗವಾನಿ ತುಂಡು
ಬೆರಳುದ್ದ, ಬೆರಳಗಲ.
ಅದರಾಗೊಂದು ಮೀನು ಕುಂತೈತಿ ಅಂತ ನನಗೇನೂ ಕಾಣಲಿಲ್ಲ,
ಖರೇ ಹೇಳ್ತೀನಿ. ಕೈ ಖಾಲಿ ಇತ್ತು.

ಕೆಲಗೇರಿ ಕೆರಿಯಾಗಿನ ಜಿಲೇಬಿ ಮೀನು
ತಾಟಿನಂಗ ಚಪ್ಪಟಿ, ಬಾಯಿ ಮಾತ್ರ ಸಣ್ಣದು,
ಸಿಟ್ಟಿಗೆದ್ದ ಮುದುಕಿ ತುಟಿ ಮುಚ್ಚಿಕೊಂಡಂಗ.
ಮೌಲಾಲಿ ಕಣಕದ ಉಂಡಿ ಹಚ್ಚಿ ದಿನಕ್ಕ ಹತ್ತು ಹಿಡೀತಾನ.
ನನಗ ಹಿಡಿಯೋದಕ್ಕಿಂತ ನಂಬಸೋದು ಬೇಕಿತ್ತು:
ಈ ಕಟಗೀಗೆ ಜೀವ ಐತಿ ಅಂತ
ಒಂದ ಒಂದು ಸಲ.

ಗಣೇಶಪೇಟಿ ಮಾರ್ಕೆಟ್ಟಿಗೆ ಹೋಗಿ
ಸತ್ತ ಜಿಲೇಬಿಯ ಬಾಯಿ ತೆರೆದು ವರ್ನಿಯರ್ ಇಟ್ಟೆ.
ಮಾರಾಕ ಕುಂತಾಕಿ ನಕ್ಕಳು:
"ಹಲ್ಲಿನ ಸೆಟ್ ಮಾಡಸ್ತೀರೇನ್ರಿ ಇದಕ್ಕ?"
ಹದಿನಾಲ್ಕು ಮಿಲಿಮೀಟರ್. ಬರಕೊಂಡೆ.

ಮೊದಲನೇದು ಹೊಟ್ಟಿ ಮ್ಯಾಲ ಮಾಡಿ ತೇಲಿತು, ಹೆಣದಂಗ.
ಎರಡನೇದು ಸೀದಾ ತಳಕ್ಕ.
ಅಕ್ಕಸಾಲ್ಯಾರ ರುದ್ರೋಜಿ ತಕ್ಕಡಿ ಕಡಾ ತಂದು
ಸೀಸದ ಕಾಳನ್ನ ಗುಂಜಿ ಲೆಕ್ಕದಾಗ ತೂಗಿ
ಹೊಟ್ಟಿಯೊಳಗ ಹುಗಿದೆ; ಮೂರನೇದು ನೆಟ್ಟಗ ನಿಂತಿತು,
ನಿಂತೇ ಬಿಟ್ಟಿತು, ಅಂಗಡಿ ಮುಂದಿನ ಬೋರ್ಡಿನಂಗ.

ಕಸ್ತೂರೆವ್ವ ಒಳಗಿಂದ:
"ನೀರು ಬಿಡೋದು ಎಂಟು ದಿನಕ್ಕೊಮ್ಮೆ.
ಕುಡಿಯೋ ಡ್ರಮ್ಮಿನಾಗ ನಿಂದೇನು ಮೀನಿನಾಟ?"

ಕುಣಿಸೋದು ತುಟಿ. ಗದ್ದದ ಕೆಳಗೊಂದು ಗಾಜಿನ ಚೂರು.
ನನ್ನ ಹಳೇ ಚಾಳೀಸು ಮುರಿದಿತ್ತು,
ಮೂವತ್ತು ವರ್ಷದ ಡ್ರಾಯಿಂಗು ಓದಿದ್ದು.
ಅದರ ಪ್ಲಾಸ್ಟಿಕ್ ಕಾಚು ಕೊಯ್ದು, ಅರದಿಂದ ಉಜ್ಜಿ, ಸಿಗಿಸಿದೆ.
ನೆಟ್ಟಗಿಟ್ರ ಮ್ಯಾಲಮ್ಯಾಲ ಒದ್ದಾಡ್ತೈತಿ,
ಅಡ್ಡ ಮಲಗಿಸಿದ್ರ ಆಳಕ್ಕ ಇಳೀತೈತಿ.
ಒಂದು ಡಿಗ್ರಿ ತಪ್ಪಿದ್ರ ಕುಡದಾಂವ ಸೈಕಲ್ ಹೊಡದಂಗ.
ನಾಕು, ಐದು, ಆರು. ಏಳನೇದನ್ನ ಬೆಕ್ಕು ಒಯ್ತು.
ಮಗಳ ಉಗುರಬಣ್ಣ, ಎರಡು ಕೈ.

ಹನ್ನೊಂದನೇದು. ಸಂಜೀ ಐದೂವರಿ.
ಆಪಿನ ಬಾಜೂಕ ಎಸೆದೆ, ಎರಡು ಸುತ್ತು ಎಳೆದೆ, ಬಿಟ್ಟೆ.
ಜಗ್ಗಲಿಲ್ಲ ಯಾರೂ. ಒಂದು ಸಣ್ಣ ಬಡಿತ,
ಮುಚ್ಚಿದ ಬಾಗಿಲಿಗೆ ಬೆರಳಿನ ಗೆಣ್ಣು ತಾಗಿದಂಗ.

ಅಂಗೈ ಅಗಲದ್ದು. ಗಾಳ ಬಿಡಸಾಕ ಬಾಯಿ ತೆರೆದೆ.
ಬಾಯಿಂದ ಮರಿ ಉದುರಿದವು.

ಎಳ್ಳಿನ ಕಾಳಿಗೆ ಕಣ್ಣು ಬರೆದಂಗ,
ನನ್ನ ಅಂಗೈ ಮ್ಯಾಲ, ಕಲ್ಲಿನ ಮ್ಯಾಲ,
ಹರಿದ ಚಪ್ಪಲಿಯೊಳಗ ನಿಂತ ನೀರಿನಾಗ.

"ತಿನ್ನಾಕ ಬಂದಿಲ್ಲೋ ಮೋನೇಶ ಅದು," ಅಂದ ಮೌಲಾಲಿ,
"ಬಡಿಯಾಕ ಬಂದಿತ್ತು.
ಮರಿ ಬಾಯಾಗ ಇಟಗೊಂಡಾಕಿ
ಉಪಾಸ ಇರ್ತಾಳ."

ಅಂದ್ರ ನಂಬಿತ್ತು. ಪೂರಾ ನಂಬಿತ್ತು.

ಬೊಗಸಿಲೆ ನೀರು ಸುರಿದು ಕಲ್ಲು ತೊಳೆದೆ.
ತಾಯಿನ್ನ ಬಿಟ್ಟೆ. ಹೊಳ್ಳಿ ಬಂದು ಬಾಯಿ ತೆರೀತೋ ಇಲ್ಲೋ,
ನೀರು ರಾಡಿಯಾಗಿತ್ತು, ಕಾಣಲಿಲ್ಲ.
ಚಪ್ಪಲಿ ಕೆರಿಯಾಗ ಅದ್ದಿ ಅದ್ದಿ ಝಾಡಿಸಿದೆ,
ಕತ್ತಲಾಗೋ ತನಕ.

ಫೌಂಡ್ರಿಗೆ ನಾವು ಎರಡು ಕೆತ್ತತೀವಿ.
ಒಂದು, ಹೊರಗಿನ ಆಕಾರ.
ಇನ್ನೊಂದು ಕೋರಿನ ಪೆಟಗಿ: ಎರಕ ಆರಿದ ಮ್ಯಾಲ
ಎಲ್ಲಿ ಏನೂ ಇರಬಾರದೋ ಆ ಜಾಗಾದ್ದು.
"ಮೊದಲ ಪೊಳ್ಳು ಕೇಳಲೇ, ಆಮ್ಯಾಲ ಕಟಗಿ ಮುಟ್ಟು,"
ಅಂತ ಕಾಳಪ್ಪ ಮೇಸ್ತ್ರಿ ಉಳಿ ಹಿಡಿಕೀಲೆ ತಲಿ ಮ್ಯಾಲ ಕುಟ್ಟತಿದ್ದ.
ಬಾಯಿ ಅಳದಿದ್ದೆ ನಾ. ಹದಿನಾಲ್ಕು.
ಮಾರ್ಕೆಟ್ಟಿನ ಮೀನಿನ ಬಾಯಾಗ ಐಸಿನ ಚೂರಿತ್ತು, ಅಷ್ಟ.

ಸೋಮವಾರ ಫೋನ್ ಬಂತು, ಇಂಪೆಲ್ಲರ್ ಆರು ಇಂಚಿಂದು.
ಹನ್ನೆರಡನೇದಕ್ಕ ತುಂಡು ತಗದಿಟ್ಟೀನಿ, ಸುಳ್ಳ್ಯಾಕ ಹೇಳ್ಲಿ.
ಗಾಳ ಹಚ್ಚಿಲ್ಲ ಇನ್ನೂ.
ಕಸ್ತೂರೆವ್ವ ಡ್ರಮ್ಮಿನ ಮುಚ್ಚಳ ಸರಿಸಿದಳು:
"ನೀರು ಬಂದಾವ. ಬಿಡು, ನೋಡೂಣು,
ಹೆಂಗ ಈಸ್ತೈತಿ."