ಮೂರು ದಿನದ ನೀರು

ಗಾಜಿನ ಪೆಟ್ಟಿಗಿ ಸೈಕಲ್ ಕ್ಯಾರಿಯರ್ ಮ್ಯಾಲ ಬಂತು
ಸೆಕೆಂಡ್ಸ್ ಚಾದರದಾಗ ಸುತ್ತಿಕೊಂಡು,
ದವಾಖಾನಿಯಿಂದ ಕೂಸು ಬಂದಂಗ.
ಹೊಲಿಗಿ ಮಷೀನಿನ ಬಾಜೂಕ ಥರ್ಮಾಕೋಲ್ ಹಾಸಿ ಕೂಡಿಸಿದ್ವಿ.

"ನಳದ ನೀರು ನೇರ ಹಾಕಬ್ಯಾಡ್ರಿ ಅಕ್ಕಾ,
ಮೂರು ದಿನ ಡ್ರಮ್ಮಿನಾಗ ಇಡ್ರಿ,
ಔಷಧದ ಘಾಟು ಹೋಗಲಿ" ಅಂದ
ಮೀನಿನ ಅಂಗಡಿಯ ಮುಜಮ್ಮಿಲ.
ನಗು ಬಂತು ನನಗ.
ಐದು ದಿನಕ್ಕೊಮ್ಮೆ ನಳ ಬರೋ ಸೊಲ್ಲಾಪುರದಾಗ
ತಾಜಾ ನೀರು ಯಾರ ಮನ್ಯಾಗೈತಿ?
ಹುಟ್ಟಿದಾಗಿಂದ ಮೀನಿನ ನೀರನ್ನೇ ಕುಡದಾಕಿ ನಾನು.

ಮೊದಲ ತಪ್ಪು ಹೇಳತೀನಿ.
ನಂದು ಟಾವೆಲ್ಲಿನ ಅಂಚು ಮಡಿಚೋ ಕೆಲಸ.
ಸಾಸಿವಿಯಷ್ಟು ಕಲಿ ಕಂಡರೂ ಗಂಟು ವಾಪಸ್,
ಕೂಲಿ ಕಟ್.
ಆ ಕೈಲೇ ಫಿಲ್ಟರಿನ ಸ್ಪಂಜು ಹಿಂಡಿದೆ,
ಸಾಬೂನು ಹಚ್ಚಿ, ನೊರಿ ಹೋಗೋತನಕ, ಬೆಳ್ಳಗ.
ನಾಕನೇ ದಿನ ಆರು ಗಪ್ಪಿ
ಹೊಟ್ಟಿ ಮ್ಯಾಲ ಮಾಡಿ ತೇಲಿದ್ವು.

"ಆ ಜಿಗಟಿನಾಗ ಜೀವ ಇತ್ತಲ್ರಿ ಅಕ್ಕಾ.
ಮೀನಿನ ಹೊಲಸು ತಿನ್ನೋ ಜೀವ. ಕಣ್ಣಿಗಿ ಕಾಣಂಗಿಲ್ಲ.
ತಿಂಗಳು ಕಾಯ್ರಿ. ಬರೇ ನೀರು ಇಟ್ಟು ಕಾಯ್ರಿ."

ಕಾದೆ.
ಮರಳು ಅಕ್ಕಿ ತೊಳದಂಗ ತೊಳದು, ಒಂದು ಹಸಿರು ಎಳಿ ನೆಟ್ಟು,
ಸಂಜಿಗೊಂದು ಚಿಟಿಕಿ ಕಾಳು
ಯಾರೂ ಇಲ್ಲದ ಮನಿಗಿ ಎಡಿ ಇಟ್ಟಂಗ.
ನೀರು ಮಬ್ಬಾತು. ನಾತ ಬಂತು. ತಾನೇ ತಿಳಿ ಆತು.
ಪಕ್ಕದ ಮನಿ ಬುಚ್ಚಮ್ಮ ಬಾಗಲದಾಗ ನಿಂತು ಕೇಳತಿದ್ದಳು
ತನ್ನ ತೆಲುಗು ಕನ್ನಡದಾಗ:
"ಏಮ್ಮಾ, ನಿನ್ ನೀರು ಎಷ್ಟು ದೊಡ್ಡದಾಯ್ತು?"

ಈಗ ಐದು ಅದಾವು. ಆರನೇದ್ದು ತರಲಿಲ್ಲ,
ಧೈರ್ಯ ಸಾಲಲಿಲ್ಲ.
ವಾರಕ್ಕೊಮ್ಮೆ ಕಾಲುಭಾಗ ನೀರು ತಗದು ತುಳಸಿಗಿ ಹಾಕತೀನಿ.
ಸ್ಪಂಜು ಅದರದೇ ನೀರಿನಾಗ ಎರಡು ಸಲ ಅದ್ದಿ ಬಿಡತೀನಿ,
ಇನ್ನೊಮ್ಮಿ ಹಿಂಡು ಅಂತದ ಕೈ.
ಕೈ ಹಿಂದಕ ಕಟ್ಟಿಕೊಂಡು ನಿಲ್ಲತೀನಿ.

ಹಗಲೆಲ್ಲಾ ಗ್ವಾಡಿಯಾಚೆ ಮಗ್ಗ ಬಡಿತಾವು,
ನೀರಿನ ಮುಖಕ್ಕ ಸಣ್ಣ ನಡುಕ.
ಮೀನು ಅದಕ್ಕ ಹೊಂದಿಕೊಂಡಾವು, ನಮ್ಮಂಗನ.
ನಿನ್ನಿ ರಾತ್ರಿ ಕರೆಂಟ್ ಹೋತು.
ಸಪ್ಪಳಕ್ಕಲ್ಲ, ಸಪ್ಪಳ ನಿಂತದ್ದಕ್ಕ ಎಚ್ಚರಾತು:
ಓಣಿಯ ಮಗ್ಗ ಗಪ್ಪು,
ಗಾಳಿ ಬಿಡೋ ಪಂಪೂ ಗಪ್ಪು.
ಮೀನು ಮ್ಯಾಲ ಬಂದು ಬಾಯಿ ತಗಿಯಾಕತ್ತಿದ್ವು.

ಸ್ಟೀಲ್ ಲೋಟದಾಗ ನೀರು ಎತ್ತಿ
ಮೊಳದೆತ್ತರದಿಂದ ಸುರುವಿದೆ. ಮತ್ತ ಎತ್ತಿದೆ. ಮತ್ತ.
"ಚಾ ಆರಸಾಕತ್ತೀ ಏನ?" ಅಂದ್ರು ಇವರು ನಿದ್ದಿಗಣ್ಣಾಗ,
ಒಂದು ತಾಸಿನ ಕೂಲಿ ಹೋತು ಅಂತ ಗೊಣಗಿ ಮಗ್ಗಲಾದ್ರು.

ಬಲಗೈ ಸೋತಾಗ ಎಡಗೈ.
ಇವತ್ತು ಐದನೇ ದಿನ.
ಇನ್ನೇನು ನಳ ಬರೋ ಹೊತ್ತು, ಡ್ರಮ್ಮು ಖಾಲಿ.