ಹೆಸರು ಬದಲಾಗದ ಬಿಲ್ಲು

ಹೊಗೆಸೊಪ್ಪಿನ ಬೀದಿಗೆ ನಾನು ಮೊದಲ ಸಲ ಹೋದಾಗ
ಸೈಕಲ್ಲಿನಿಂದ ಇಳಿಯುವ ಮೊದಲೇ ಸೀನು ಬಂತು.
ಎಡಕ್ಕೂ ಬಲಕ್ಕೂ ಜಗಲಿ ತುಂಬ ಹೆಂಗಸರು,
ತೊಡೆಯ ಮೇಲೆ ಮೊರ, ಮೊರದಲ್ಲಿ ಎಲೆ, ಪುಡಿ, ದಾರ.
ಬೆರಳುಗಳಿಗೆ ಕಣ್ಣು ಬೇಕಿರಲಿಲ್ಲ,
ಕಣ್ಣೆಲ್ಲ ಬೀದಿಯ ಮೇಲೆ.
"ಕರೆಂಟಿನೋನು ಬಂದ" ಅಂತ ಒಬ್ಬಳು ಕೂಗಿದಳೋ ಇಲ್ಲವೋ
ಕೆರೆಯ ತುದಿಯವರೆಗೂ ಪಟಪಟ ಆರುತ್ತಿದ್ದವು
ಎರಡನೇ ಬಲ್ಬುಗಳು.

ಭಾಗ್ಯಜ್ಯೋತಿಗೆ ಒಂದೇ ಬಲ್ಬು, ನಲವತ್ತು ವ್ಯಾಟು.
ಹಾಗಂತ ರೂಲು.
ರಾತ್ರಿ ಕೂತು ಸಾವಿರ ಬೀಡಿ ಕಟ್ಟೋಕೆ ಅದು ಸಾಲದು ಅಂತ
ರೂಲು ಬರೆದವನಿಗೆ ಹೇಳೋರು ಯಾರು?
ಇನ್ನೂ ಬಿಸಿ ಆರದ ಗಾಜನ್ನು ನೋಡಿಯೂ ನೋಡದೆ
ಹದಿನೆಂಟು ಯೂನಿಟ್ ಅಂತ ಬರೆದೆ.
ಹಫೀಜಾಬಿ ಒಂದು ಲೋಟ ಚಾ ತಂದಿಟ್ಟಳು.
ಲಂಚ ಅಂದರೆ ಲಂಚ. ಸಕ್ಕರೆ ಜಾಸ್ತಿಯೇ ಇತ್ತು.

ಅವಳಿಗಿಂತ ಮುಂಚೆ ಇಲ್ಲಿ ಕುಂಬಾರರಿದ್ದರಂತೆ,
ಅಮಾನಿಕೆರೆಯ ಜೇಡಿ ನಂಬಿಕೊಂಡು.
ಅವರನ್ನು ಯಾರು ಎಬ್ಬಿಸಿದರು, ಎಲ್ಲಿಗೆ ಹೋದರು,
ಹಫೀಜಾಬಿಯ ಅತ್ತೆಯೂ ಕೇಳಿರಲಿಲ್ಲ.
ಒಂದಡಿ ಅಗೆದರೆ ಈಗಲೂ ಬೋಕಿ ಸಿಗುತ್ತೆ.
ಸಿಗುತ್ತಿತ್ತು.

ಆಗೆಲ್ಲ ಆಟೋದವರು ಬೀದಿಯ ಹೆಸರು ಕೇಳಿದರೆ ಡಬಲ್ ಕೇಳೋರು.
ಹೆಣ್ಣು ನೋಡೋಕೆ ಬಂದವರು ಕೆರೆಯ ನಾತಕ್ಕೆ ಮೂಗು ಮುಚ್ಚಿ
ಕೋಡಿಯ ಹತ್ತಿರದಿಂದಲೇ ವಾಪಸ್ಸು.
ಆ ಬೀದಿಯ ಕ್ಯಾರೆಕ್ಟರ್ ಸರಿಯಿಲ್ಲ ಅಂತ
ಇಡೀ ತುಮಕೂರು ಹೇಳುತ್ತಿತ್ತು.
ಈಗ ಬ್ರೋಕರ್ ಷಡಕ್ಷರಿ, ಕನ್ನಡಕ ನೆತ್ತಿಗೇರಿಸಿ,
"ಈ ಏರಿಯಾಗೆ ಒಂದು ಕ್ಯಾರೆಕ್ಟರ್ ಇದೆ ಸಾರ್" ಅಂತಾನೆ.
ಅದೇ ಮಾತು.
ಅಡಿಗೆ ಏಳು ಸಾವಿರ.

ಮೊದಲು ಕೆರೆ ಚೊಕ್ಕಟವಾಯಿತು. ಯಾರು ಬೇಡ ಅಂದರು?
ಅರ್ಜಿ ಬರೆದವರು ನಾವೇ, ಹನ್ನೊಂದು ಸಲ.
ಮೊದಲ ಹೆಬ್ಬೆಟ್ಟು ಹಫೀಜಾಬಿಯದು;
ಪುಡಿಯ ಕಂದು ಹತ್ತಿದ ಬೆರಳಿಗೆ ಶಾಯಿ ಬೇಕೇ ಆಗಲಿಲ್ಲ.
ಆಮೇಲೆ ದಡಕ್ಕೆ ಕಂಬಿ, ಕಂಬಿಯುದ್ದಕ್ಕೂ ದೀಪ,
ದೀಪದಡಿ ಬೆಳಗಿನ ಐದಕ್ಕೇ ಬಿಳಿ ಬಿಳಿ ಶೂ.
ಶೂ ಬಂದ ದಾರಿಯಲ್ಲೇ ಬಾಡಿಗೆಯೂ ಬಂತು.
ಹನ್ನೆರಡು ನೂರು ಇದ್ದದ್ದು ಒಂಬತ್ತು ಸಾವಿರ.
ಬೀಡಿ ಕೆಲಸ ಅಷ್ಟರಲ್ಲಾಗಲೇ ಕೆಮ್ಮುತ್ತಿತ್ತು,
ಆ ತಪ್ಪನ್ನೂ ಶೂಗಳ ತಲೆಗೆ ಕಟ್ಟಲಾರೆ.
ಒಂದೊಂದೇ ಮೊರ ಗೋಡೆಗೆ ಒರಗಿತು,
ಒಂದೊಂದೇ ಮನೆ ಟೆಂಪೋ ಹತ್ತಿ ಕಲ್ಲುಕ್ವಾರಿಯ ಕಡೆಗೆ.
ಕೋಡಿಯ ಪಕ್ಕ ನನ್ನದೂ ಒಂದು ಮೂಲೆ ಸೈಟಿತ್ತು.
ಎಷ್ಟಕ್ಕೆ ಕೊಟ್ಟೆ ಅಂತ ಕೇಳಬೇಡಿ.

ಇವತ್ತು ಹಫೀಜಾಬಿಯ ಮನೆ ಕಾಫಿ ಅಂಗಡಿ.
ಸುಣ್ಣ ಕೆರೆದು ಇಟ್ಟಿಗೆ ತೋರಿಸಿದ್ದಾರೆ
(ಅವಳು ಪ್ರತಿ ರಂಜಾನಿಗೂ ಮುಚ್ಚುತ್ತಿದ್ದ ಇಟ್ಟಿಗೆ).
ಸೂರಿನಿಂದ ಮೊರಗಳನ್ನು ಮಗುಚಿ ಇಳಿಬಿಟ್ಟಿದ್ದಾರೆ,
ಒಂದೊಂದರ ಹೊಟ್ಟೆಯಲ್ಲಿ ಒಂದೊಂದು ಬಲ್ಬು.
ಅಭ್ಯಾಸಬಲ, ಎಣಿಸಿದೆ: ಇಪ್ಪತ್ಮೂರು.
ಹಾಡುಹಗಲು. ಒಂದೂ ಆರಲಿಲ್ಲ.

ಮಾಲೀಕಳು ಕೆಟ್ಟ ಹುಡುಗಿಯಲ್ಲ.
"ಕೂತ್ಕೊಳಿ ಅಂಕಲ್" ಅಂತ ಫ್ಯಾನಿನ ಕೆಳಗಿನ ಕುರ್ಚಿ ಎಳೆದಳು.
ಮೀಟರಿನ ಮುಂದೆ ಮನಿಪ್ಲಾಂಟು ಹಬ್ಬಿಸಿದ್ದಾಳೆ,
ಎಲೆ ಸರಿಸಿ ಓದಬೇಕು.
ಸಾವಿರದ ಎಂಟುನೂರ ನಲವತ್ತಾರು ಯೂನಿಟ್.
ಲೋಡು ಬದಲಾಗಿದೆ, ದರ ಬದಲಾಗಿದೆ,
ಬೀದಿಯ ಬೋರ್ಡು ಬದಲಾಗಿ ಎರಡು ವರ್ಷ.
ಹೆಸರು ಬದಲಾವಣೆಗೆ ಮಾತ್ರ ಇನ್ನೊಂದು ಫಾರಂ ಬೇಕು,
"ಮುಂದಿನ ತಿಂಗಳು ಕೊಡ್ತೀನಿ ಅಂಕಲ್",
ಮುಂದಿನ ತಿಂಗಳು ಇನ್ನೂ ಬಂದಿಲ್ಲ.

ಸೊಂಟದ ಮೆಷಿನ್ನು ಕಿರ್ ಅಂತ ಕಾಗದ ಉಗುಳಿತು.
ಹಳೇ ಆರ್.ಆರ್. ನಂಬರು, ಅದರ ಕೆಳಗೆ ಅವಳ ಹೆಸರು.
ಹರಿದೆ. ಇಪ್ಪತ್ತೇಳು ವರ್ಷದ ರೂಢಿ ನೋಡಿ,
ಬಾಗಿಲ ಕಡೆ ತಿರುಗಿ ಕೂಗಿಯೇಬಿಟ್ಟೆ:
"ಹಫೀಜಾಬೀ..."

ಕೌಂಟರಿನ ಹಿಂದಿನ ಹುಡುಗ ತಲೆಯೆತ್ತಿ,
ಚೀಟಿಗಳ ಸಾಲಿನಲ್ಲಿ ಬೆರಳಾಡಿಸಿ ಕೇಳಿದ:
"ಅವರದ್ದು ಏನು ಆರ್ಡರ್ ಇತ್ತು ಸಾರ್?"